ಹೇನಿಗೆ ಹೊಡೆದ ಔಷಧಿ ಗುಲಗಂಜಿ ಹುಳಕ್ಕೆ ಎಷ್ಟು ತಗಲುತ್ತದೆ?

ಗಿಡದ ರಸ ಹೀರುವ ಹೇನನ್ನು ಸಾಯಿಸುವುದರಲ್ಲಿ ಯಾವ ಔಷಧಿ ಜೋರು ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಬೇಕಾಗಿದ್ದು ಆ ಲೆಕ್ಕ ಅಲ್ಲ. ಹೇನು ಮುತ್ತಿದ ಅಲಸಂದೆ ಸಾಲುಗಳಿಗೆ ಒಂದೊಂದಕ್ಕೆ ಒಂದೊಂದು ಔಷಧಿ ಕೊಟ್ಟು, ಒಂದು ಸಾಲನ್ನು ಹಾಗೇ ಬಿಟ್ಟು, ಹೇನು ತಿನ್ನುವ ಹುಳಗಳ ಗತಿ ಏನಾಯಿತು ಅಂತ ಭೂತಗನ್ನಡಿ ಹಿಡಿದು ನೋಡಿದೆ. ಗುಲಗಂಜಿ ಹುಳ (ಲೇಡಿಬರ್ಡ್), ಕ್ರೈಸೋಪರ್ಲಾ ಅನ್ನುವ ಜಾಲರಿ ರೆಕ್ಕೆಯ ಹಸಿರು ಹುಳ, ಸಿರ್ಫಿಡ್ ನೊಣದ ಮರಿ ಈ ಮೂರೇ ನನ್ನ ಗಮನದಲ್ಲಿದ್ದವು. ರೆಕ್ಕೆ ಬಂದ ಹುಳ ಸಾಲಿನಿಂದ ಸಾಲಿಗೆ ಹಾರುತ್ತದೆ. ಮರಿಗಳಿಗೆ ಆ ಅನುಕೂಲ ಇಲ್ಲ, ಹಾಗಾಗಿ ಅವುಗಳನ್ನೇ ಜಾಸ್ತಿ ನಂಬಿದೆ.

ಬೇವಿನ ಬೀಜದ 5% ಕಷಾಯ ಹೊಡೆದ ಮರುದಿನ ನೋಡಿದರೆ ಎಲ್ಲ ಸರಿ ಇತ್ತು. ಗುಲಗಂಜಿಗಳು ಎಂದಿನಂತೆ ಓಡಾಡುತ್ತಿದ್ದವು. ತುಂಬಾ ಜನ ಇಲ್ಲಿಗೇ ನೋಡುವುದು ನಿಲ್ಲಿಸಿ, ‘ಬೇವಿನಿಂದ ಮಿತ್ರ ಕೀಟಕ್ಕೆ ಏನೂ ಆಗಲ್ಲ’ ಅಂದುಬಿಡುತ್ತಾರೆ. ಆದರೆ ಬೇವಿನ ಅಜಾಡಿರಾಕ್ಟಿನ್ ನರಕ್ಕೆ ಹೊಡೆಯುವ ವಿಷ ಅಲ್ಲ. ಪೊರೆ ಕಳಚಿಸುವ ಹಾರ್ಮೋನಿನ ಕೆಲಸವನ್ನು ಅದು ಕೆಡಿಸುತ್ತದೆ. ಮರಿ ಮುಂದಿನ ಸಲ ಪೊರೆ ಬಿಡುವವರೆಗೆ ಏನೂ ಗೊತ್ತಾಗುವುದಿಲ್ಲ.

ಗೊತ್ತಾಗುವುದು ಹೀಗೆ. ಎಲೆಯ ಅಡಿಯಲ್ಲಿ ಗುಲಗಂಜಿಯ ಮರಿಯೊಂದು ಬಾಲದ ತುದಿಯಿಂದ ಅಂಟಿಕೊಂಡು ಜೋತಾಡುತ್ತಿತ್ತು. ಬೆನ್ನ ಮೇಲಿನ ಪೊರೆ ಸೀಳಿತ್ತು, ತಲೆ, ಎದೆ ಹೊರಗೆ ಬಂದಿದ್ದವು. ಹಿಂದಿನ ಅರ್ಧ ಮಾತ್ರ ಹಳೇ ಪೊರೆಯೊಳಗೇ ಸಿಕ್ಕಿಕೊಂಡಿತ್ತು. ಮುಂಗಾಲು ಇನ್ನೂ ಆಡಿಸುತ್ತಿತ್ತು. ಬೆಳಗ್ಗೆ ನೋಡಿದರೆ ಕಪ್ಪಾಗಿ ಒಣಗಿತ್ತು. ಇನ್ನೊಂದು ಹೇಗೋ ಕೋಶ ಕಟ್ಟಿ ಹೊರಗೆ ಬಂದಿತು, ಆದರೆ ರೆಕ್ಕೆ ಮುದುಡಿಕೊಂಡೇ ಇತ್ತು. ಬಲಿತ ಮರಿಗಳು ಹೆಚ್ಚುಕಡಿಮೆ ಪಾರಾದವು, ಏಟು ಬಿದ್ದದ್ದು ಚಿಕ್ಕವಕ್ಕೆ.

ಬೇವಿನ ಎಣ್ಣೆಗೆ ಸೋಪು ಬೆರೆಸಿ ಹೊಡೆದ ಸಾಲಿನದು ಬೇರೆ ಕಥೆ. ಅಲ್ಲಿ ಹಾರ್ಮೋನಿಗಿಂತ ಮೊದಲು ಎಣ್ಣೆಯೇ ಮುಚ್ಚಿ ಉಸಿರು ಕಟ್ಟಿಸುತ್ತದೆ. ಸಿರ್ಫಿಡ್ ಮರಿಗೆ ಕಾಲೂ ಇಲ್ಲ, ಮೈಯೂ ಮೆತ್ತಗೆ. ಎಲ್ಲಿಗೆ ಓಡಬೇಕು ಅದು? ಎಣ್ಣೆಗಿಂತ ಕಷಾಯವೇ ವಾಸಿ ಅನ್ನಿಸಿದ್ದು ಈ ಮರಿಗಳನ್ನು ನೋಡಿ. ಎರಡರಲ್ಲೂ ಒಂದು ಸಮಾಧಾನ ಇದೆ. ಎಣ್ಣೆ ಒಣಗಿದ ಮೇಲೆ ಅಷ್ಟು ಕಾಡುವುದಿಲ್ಲ, ಅಜಾಡಿರಾಕ್ಟಿನ್ ಬಿಸಿಲಿಗೆ ಕೆಲವೇ ದಿನಗಳಲ್ಲಿ ಒಡೆದುಹೋಗುತ್ತದೆ.

ಪೈರೆಥ್ರಮ್ ಕೂಡ ಗಿಡದ್ದೇ. ಸೇವಂತಿಗೆ ಜಾತಿಯ ಹೂವಿನಿಂದ ತೆಗೆಯುತ್ತಾರೆ. ಸಸ್ಯಮೂಲ ಅಂದಮೇಲೆ ಸೌಮ್ಯ ಅಂದುಕೊಳ್ಳುವವರು ಇದನ್ನೊಮ್ಮೆ ನೋಡಬೇಕು. ಸಿಂಪಡಿಸಿದ ಸ್ವಲ್ಪ ಹೊತ್ತಿಗೇ ಗುಲಗಂಜಿಗಳು ಅಂಗಾತ ಬಿದ್ದು ಕಾಲು ಒದರುತ್ತಿದ್ದವು. ಹೇನು, ಹೇನು ತಿನ್ನುವವನು ಅಂತ ಭೇದವೇ ಇಲ್ಲ. ಲ್ಯಾಂಬ್ಡಾ-ಸೈಹಾಲೋಥ್ರಿನ್ ಹೊಡೆದ ಪಕ್ಕದ ಸಾಲಿನಲ್ಲೂ ಅವತ್ತು ಇದೇ ನೋಟ. ಆಶ್ಚರ್ಯ ಏನಿಲ್ಲ, ಈ ರಾಸಾಯನಿಕ ಆ ಹೂವಿನ ವಿಷವನ್ನೇ ಮಾದರಿ ಮಾಡಿಕೊಂಡು, ಬಿಸಿಲಿಗೆ ಕೆಡದ ಹಾಗೆ ತಯಾರಿಸಿದ್ದು.

ಆ ‘ಕೆಡದ ಹಾಗೆ’ ಅನ್ನುವುದರಲ್ಲೇ ಇದೆ ನೋಡಿ ವ್ಯತ್ಯಾಸ. ಪೈರೆಥ್ರಮ್ ಸಾಲಿಗೆ ಬೇಗನೆ ಹೊಸ ಗುಲಗಂಜಿಗಳು ಬಂದು ಕೂತವು, ಮೊಟ್ಟೆಯನ್ನೂ ಇಟ್ಟವು. ಇನ್ನೊಂದು ಸಾಲಿನಲ್ಲಿ ಬಂದವು ಬಂದ ಹಾಗೇ ಬಿದ್ದವು. ಆಮೇಲೆ ಅದೇ ಸಾಲಿನ ಎಲೆಗಳ ಮೇಲೆ ಸಣ್ಣ ಹಳದಿ ಚುಕ್ಕೆ ಕಾಣಿಸಿತು. ತಿರುಗಿಸಿದರೆ ಅಡಿಯಲ್ಲಿ ಜೇಡನುಸಿ. ನುಸಿ ತಿನ್ನುವ ನುಸಿಗಳು ಸತ್ತ ಮೇಲೆ ಹೀಗಾಗುವುದು ಹಳೇ ಅನುಭವ. 1888ರಲ್ಲಿ ಆಸ್ಟ್ರೇಲಿಯಾದಿಂದ ವೆಡೇಲಿಯಾ ಗುಲಗಂಜಿಯನ್ನು ತರಿಸಿ ಕಿತ್ತಳೆ ತೋಟ ಉಳಿಸಿಕೊಂಡಿದ್ದ ಕ್ಯಾಲಿಫೋರ್ನಿಯಾದಲ್ಲಿ, 1940ರ ದಶಕದಲ್ಲಿ ಡಿಡಿಟಿ ಹೊಡೆದಾಗ ಗುಲಗಂಜಿ ಸತ್ತು, ಅದು ಹತೋಟಿಯಲ್ಲಿಟ್ಟಿದ್ದ, ಗಿಡಕ್ಕೆ ಅಂಟಿ ರಸ ಹೀರುವ ಶಲ್ಕ ಕೀಟ ಮತ್ತೆ ಎದ್ದಿತ್ತು.

ಗಿಡದ ರಸದಲ್ಲಿ ಸೇರಿ ಹರಡುವ ಇಮಿಡಾಕ್ಲೋಪ್ರಿಡ್ ಅನ್ನು ಬೇರಿಗೆ ಸುರಿದೆ. ಎಲೆಗೆ ತಾಗುವುದಿಲ್ಲ, ರಸ ಹೀರುವ ಹೇನಿಗೆ ಮಾತ್ರ ಅನ್ನುವ ವಾದ ಕೇಳಲು ಚೆನ್ನಾಗಿದೆ. ಹೇನು ಅಚ್ಚುಕಟ್ಟಾಗಿ ಖಾಲಿಯಾದವು, ಅದು ನಿಜ. ಆದರೆ ಅಲಸಂದೆ ಹೂವಿನಿಂದಾಚೆಗೂ ಮಕರಂದ ಸೂಸುವ ಗಿಡ. ಅದಕ್ಕೇ ಇರುವೆ, ಗುಲಗಂಜಿ ಎಲ್ಲ ಬಂದು ನೆಕ್ಕುತ್ತವೆ. ರೆಕ್ಕೆ ಬಂದ ಕ್ರೈಸೋಪರ್ಲಾ ಬದುಕುವುದೇ ಮಕರಂದ, ಪರಾಗ, ಹೇನಿನ ಅಂಟು ರಸದ ಮೇಲೆ. ಬೇರು ಹೀರಿದ ವಿಷ ಮಕರಂದಕ್ಕೂ ಹೋಗುತ್ತದೆ ಅಲ್ವಾ? ಆ ಸಾಲಿನಲ್ಲಿ ಕಾಲು ನಡುಗಿಸುತ್ತಾ, ಎಲೆಯ ಅಂಚು ಹಿಡಿಯಲಾಗದೆ ಜಾರುತ್ತಿದ್ದ ಗುಲಗಂಜಿ ಕಂಡೆ. ಕಡಿಮೆಯಾದ ಹುಳ ಎಲ್ಲವೂ ಸತ್ತವೇ ಅಲ್ಲ, ತಿನ್ನಲು ಹೇನಿಲ್ಲದೆ ಎದ್ದು ಹೋದವೂ ಇರುತ್ತವೆ.

ಹಾಗಂತ ರಾಸಾಯನಿಕ ಎಲ್ಲವೂ ಒಂದೇ ಅಲ್ಲ. ಕಾರ್ಬಮೇಟ್ ಗುಂಪಿನ ಪಿರಿಮಿಕಾರ್ಬ್ ಹೇನಿಗೇ ಗುರಿ ಇಡುವಂಥದ್ದು, ಗುಲಗಂಜಿಗೆ ಅಷ್ಟು ತೊಂದರೆ ಕೊಡುವುದಿಲ್ಲ. ಪೈರಿಪ್ರಾಕ್ಸಿಫೆನ್ ದೊಡ್ಡ ಹುಳವನ್ನು ಮುಟ್ಟದೆ ಮೊಟ್ಟೆ, ಮರಿ, ಕೋಶ ಕೆಡಿಸುತ್ತದೆ, ಬೇವಿನ ಹಾಗೇ ತಡವಾಗಿ. ಇನ್ನು ‘ನಿರಪಾಯ’ ಅನ್ನುವ ಪಟ್ಟವನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಜೈವಿಕ ಕೀಟ ಹತೋಟಿಯ ಅಂತರರಾಷ್ಟ್ರೀಯ ಸಂಸ್ಥೆಯಾದ ಐಒಬಿಸಿಯ ವರ್ಗೀಕರಣದಲ್ಲಿ, ಪ್ರಯೋಗಾಲಯದಲ್ಲಿ 30%ಕ್ಕಿಂತ ಕಡಿಮೆ ಹಾನಿಯಾದರೆ ಆ ಪಟ್ಟ ಸಿಗುತ್ತದೆ.

ಈಗ ನನ್ನ ಕೈಯಲ್ಲಿರುವುದು ಬೇವಿನ ಕಷಾಯ ಒಂದೇ. ಅದನ್ನೂ ಸಂಜೆ, ಹೇನು ಗುಂಪುಗಟ್ಟಿದ ಸುಳಿಗಳಿಗೆ ಮಾತ್ರ. ಸುಳಿಯಲ್ಲಿ ಚಿಕ್ಕ ಗುಲಗಂಜಿ ಮರಿಗಳು ಕಂಡರೆ ಆ ಗಿಡ ಬಿಟ್ಟು ಮುಂದೆ ಹೋಗುತ್ತೇನೆ. ಏನೂ ಹೊಡೆಯದೆ ಬಿಟ್ಟ ಸಾಲಿನಲ್ಲಿ ಹೇನು ಇಳಿಯಲು ಎಲ್ಲಕ್ಕಿಂತ ತಡವಾಯಿತು, ಮೊದಲ ಕಾಯಿಗಳೂ ಸೊಟ್ಟಗಾದವು. ಅಷ್ಟನ್ನು ತಡೆದುಕೊಳ್ಳಲಾಗದವರು ಪೈರೆಥ್ರಮ್ ಹೊಡೆಯಲಿ, ಲ್ಯಾಂಬ್ಡಾ ಬೇಡ.