ಸಿಗಡಿ ಬಿಡೋದಾ, ನೀರಿನ ಕಳೆ ಕೀಳೋದಾ?

ಬಸವನಹುಳುಗಳ ಮೂಲಕ ಹರಡುವ ಶಿಸ್ಟೊಸೋಮಿಯಾಸಿಸ್ ರೋಗ ತಡೆಯೋಕೆ ಇವೆರಡರಲ್ಲಿ ಯಾವುದು ಒಳ್ಳೆಯದು? ಪಶ್ಚಿಮ ಆಫ್ರಿಕಾದ ಸೆನೆಗಲ್ ನದಿಗೆ 1986ರಲ್ಲಿ ಡಿಯಾಮಾ ಅಣೆಕಟ್ಟು ಬಂದ ಮೇಲೆ ಉಪ್ಪುನೀರು ಒಳಗೆ ಬರೋದು ನಿಂತಿತು, ಸಿಗಡಿಗಳ ದಾರಿ ಮುಚ್ಚಿತು, ಬಸವನಹುಳುಗಳು ವಿಪರೀತ ಹೆಚ್ಚಿದವು. ಅವುಗಳ ಮೈಯಿಂದ ಹೊರಬರುವ ಶಿಸ್ಟೊಸೋಮಾ ಎಂಬ ಪರಾವಲಂಬಿ ಹುಳುವಿನ ಮರಿಗಳು ಸ್ನಾನಕ್ಕಿಳಿದ ಮಕ್ಕಳ ಚರ್ಮ ಕೊರೆದು ಒಳಗೆ ಸೇರುತ್ತವೆ. ಮಾತ್ರೆ ಕೊಟ್ಟರೂ ಮತ್ತೆ ಅದೇ ನೀರು, ಮತ್ತೆ ಅದೇ ರೋಗ.

ಸಿಗಡಿ ಬಸವನಹುಳು ತಿನ್ನುತ್ತದೆ, ಬೆಳೆದ ಮೇಲೆ ಮಾರಲೂಬಹುದು. ಆದರೆ ಅದರ ಮರಿಗಳಿಗೆ ಸ್ವಲ್ಪ ಉಪ್ಪಿರುವ ನೀರೇ ಬೇಕು, ಹಾಗಾಗಿ ಹೊರಗಿನಿಂದ ತಂದು ಬಿಡ್ತಾನೇ ಇರಬೇಕು. ಖರ್ಚು ಜಾಸ್ತಿ.

ಕಳೆ ಕೀಳೋದು ಸರಳ. ಜನ ನೀರಿಗಿಳಿಯುವ ಜಾಗದಲ್ಲಿ ನರಿಬಾಲದ ಹಾಗೆ ಪೊದೆಪೊದೆಯಾಗಿ ಬೆಳೆಯುವ ಸೆರಟೊಫಿಲಮ್ ಗಿಡವೇ ಈ ಬಸವನಹುಳುಗಳ ಮನೆ. ಅದನ್ನು ಎಳೆದು ದಡಕ್ಕೆ ಹಾಕಿದರೆ ಹುಳುಗಳೂ ಅಂಟಿಕೊಂಡೇ ಬರುತ್ತವೆ, ಆಮೇಲೆ ಗಿಡ ಗೊಬ್ಬರಕ್ಕೂ ದನಕುರಿಗಳ ಮೇವಿಗೂ ಆಗುತ್ತದೆ. ಹೀಗೆ ಮಾಡಿದ ಅಲ್ಲಿನ ಹಳ್ಳಿಗಳಲ್ಲಿ ಮಕ್ಕಳಿಗೆ ಮತ್ತೆ ಸೋಂಕು ತಗಲೋದು ಕಡಿಮೆಯಾಯಿತು. ಗಿಡ ಮತ್ತೆ ಚಿಗುರುತ್ತದೆ, ನಿಜ. ಕೀಳುವವರೂ ಅದೇ ನೀರಿಗೆ ಇಳಿಯಬೇಕಲ್ವಾ, ಅವರಿಗೆ ಉದ್ದನೆ ಬೂಟು, ಗ್ಲೌಸ್ ಬೇಕೇ ಬೇಕು.

ನನ್ನನ್ನು ಕೇಳಿದರೆ ಮೊದಲು ಕಳೆ ಕೀಳಿ, ಜೊತೆಗೆ ಮಾತ್ರೆ ಕೊಡಿ. ಹತ್ತಿರದಲ್ಲೇ ಸಿಗಡಿ ಮರಿ ಸಿಗುವ ಊರಾದರೆ ಅದನ್ನೂ ಸೇರಿಸಿ.