1,499 ರೂಪಾಯಿಗೆ 2 ಟಿಬಿ ಎಸ್‌ಎಸ್‌ಡಿ ಸಿಗುತ್ತೆ ಅಂತ ಕಂಡರೆ ಕೊಳ್ಳದೆ ಮುಂದೆ ಹೋಗಿ

ವಿಡಿಯೋ ಕೋರ್ಸ್ ಓದುತ್ತಿರುವವರು, ಮಕ್ಕಳಿಗೆ ಡ್ರೈವ್ ಕೊಡಿಸಲು ಹೊರಟ ಅಪ್ಪ ಅಮ್ಮಂದಿರು ಇದನ್ನೊಮ್ಮೆ ಓದಿಬಿಡಿ.

ಕೊನೆಯ ಸೆಮಿಸ್ಟರ್ ಪ್ರಾಜೆಕ್ಟಿಗೆ ಕುಂದಾಪುರದ ಹತ್ತಿರ ಒಂದು ಹರಕೆ ಆಟ ಶೂಟ್ ಮಾಡಲು ಹೋಗಿದ್ದೆ. ರಾತ್ರಿ ಒಂಬತ್ತೂವರೆಗೆ ಶುರುವಾದ ಯಕ್ಷಗಾನ ಮುಗಿದದ್ದು ಬೆಳಗಿನ ಜಾವ. ನನ್ನ ಕ್ಯಾಮೆರಾದಲ್ಲಿ 4ಕೆ ವಿಡಿಯೋ ಸೆಕೆಂಡಿಗೆ 100 ಮೆಗಾಬಿಟ್, ಅಂದ್ರೆ ಗಂಟೆಗೆ 45 ಜಿಬಿ. ಕೈಯಲ್ಲಿದ್ದದ್ದು 128 ಜಿಬಿಯ ಎರಡೇ ಕಾರ್ಡು. ಲ್ಯಾಪ್‌ಟಾಪಲ್ಲಿ ಜಾಗವಿಲ್ಲ. ಅದಕ್ಕೇ ಹಿಂದಿನ ವಾರ ಆನ್‌ಲೈನಲ್ಲಿ ಈ ‘ಎಸ್‌ಎಸ್‌ಡಿ’ (ಚಿಪ್ಪಿನಲ್ಲಿ ಫೈಲ್ ಇಡುವ ವೇಗದ ಡ್ರೈವ್) ತರಿಸಿದ್ದೆ. ಹೆಸರೇ ಕೇಳದ ಕಂಪನಿ, ಆದರೆ ಕೈಯಲ್ಲಿ ಹಿಡಿದರೆ ಒಳ್ಳೆ ತೂಕ, ರಿವ್ಯೂ ಎಲ್ಲಾ ನಾಲ್ಕೂವರೆ ಸ್ಟಾರ್. ಅಸಲಿ 1 ಟಿಬಿ ಹಾರ್ಡ್ ಡಿಸ್ಕಿಗೇ ಇದಕ್ಕಿಂತ ಎಷ್ಟೋ ಹೆಚ್ಚು ಕೊಡಬೇಕು, ಆಗಲೇ ಅನುಮಾನ ಬರಬೇಕಿತ್ತು ಅಲ್ವಾ?

ಚೌಕಿಯ (ಕಲಾವಿದರು ವೇಷ ಕಟ್ಟುವ ಜಾಗ) ಮೂಲೆಯಲ್ಲಿ ಕೂತು ಕಾರ್ಡ್ ತುಂಬಿದ ಹಾಗೆ ಕಾಪಿ ಮಾಡಿದೆ. ಫೈಲ್ ಹೆಸರು, ಸೈಜು ಎಲ್ಲಾ ತಾಳೆಯಾಯಿತು. ಕಾರ್ಡ್ ಫಾರ್ಮ್ಯಾಟ್ ಮಾಡಿದೆ, ಮತ್ತೆ ಶೂಟ್ ಮಾಡಿದೆ. ಮರುದಿನ ಅದೇ ಕಾರ್ಡುಗಳಲ್ಲಿ ಕಲಾವಿದರ ಸಂದರ್ಶನವನ್ನೂ ತೆಗೆದೆ.

ರೂಮಿಗೆ ಬಂದು ನೋಡಿದರೆ ಮೊದಲ ಒಂದೂಕಾಲು ಗಂಟೆ ಚೆನ್ನಾಗಿದೆ. ಆಮೇಲಿನ ಒಂದು ಫೈಲೂ ತೆರೆಯಲ್ಲ.

ಸಿಟ್ಟಿಗೆ ಡಬ್ಬಿ ಬಿಚ್ಚಿದೆ. ಒಳಗೆ 64 ಜಿಬಿಯ ಒಂದು ಮೆಮೊರಿ ಕಾರ್ಡು, ತೂಕಕ್ಕೆ ಅಂಟಿಸಿದ ಕಬ್ಬಿಣದ ತುಂಡು! ಡ್ರೈವಿನೊಳಗಿನ ಸಾಫ್ಟ್‌ವೇರ್, ಅಂದ್ರೆ ಫರ್ಮ್‌ವೇರ್ ತಿದ್ದಿ ಕಂಪ್ಯೂಟರಿಗೆ 2 ಟಿಬಿ ಅಂತ ಸುಳ್ಳು ಹೇಳಿಸುತ್ತಾರೆ. 64 ಜಿಬಿ ತುಂಬಿದ ಮೇಲೆ ಬರೆದದ್ದೆಲ್ಲ ಗಾಳಿಗೆ, ಕೆಲವು ನಕಲಿಗಳಲ್ಲಿ ಹಳೆಯದರ ಮೇಲೇ ಬರೆದುಕೊಂಡು ಹೋಗುತ್ತದೆ. ಪಟ್ಟಿಯಲ್ಲಿ ಮಾತ್ರ ಫೈಲಿನ ಹೆಸರು ಇರುತ್ತದೆ. ರಿವ್ಯೂಗಳ ಗುಟ್ಟೂ ಇಷ್ಟೇ: ನಾಲ್ಕು ಫೋಟೋ ಹಾಕಿ ನೋಡಿದವರು ಸ್ಟಾರ್ ಕೊಟ್ಟು ಸುಮ್ಮನಾಗುತ್ತಾರೆ, ತುಂಬಿಸಿ ನೋಡುವಷ್ಟರಲ್ಲಿ ವಾಪಸ್ ಕೊಡುವ ದಿನ ಮುಗಿದಿರುತ್ತದೆ. ನನ್ನದೂ ಮುಗಿದಿತ್ತು.

ಯಾವ ಡ್ರೈವ್ ತಂದರೂ ಮೊದಲು ವಿಂಡೋಸಲ್ಲಿ ಎಚ್‌2ಟೆಸ್ಟ್‌ಡಬ್ಲ್ಯೂ, ಮ್ಯಾಕ್ ಅಥವಾ ಲಿನಕ್ಸಲ್ಲಿ ಎಫ್3 ಓಡಿಸಿ. ಎರಡೂ ಡ್ರೈವ್ ಪರೀಕ್ಷಿಸುವ ಉಚಿತ ಸಾಫ್ಟ್‌ವೇರ್. ಡ್ರೈವನ್ನು ಪೂರ್ತಿ ತುಂಬಿಸಿ, ವಾಪಸ್ ಓದಿ, ಅಸಲಿಯೋ ನಕಲಿಯೋ ಹೇಳುತ್ತವೆ. ದೊಡ್ಡ ಡ್ರೈವಿಗೆ ಗಂಟೆಗಟ್ಟಲೆ ಬೇಕು, ರಾತ್ರಿ ಹಾಕಿ ಮಲಗಿ. ಮತ್ತೆ, ಕಾಪಿ ಆದ ಮೇಲೆ ಮಧ್ಯದ್ದೊಂದು, ಕೊನೆಯದ್ದೊಂದು ಫೈಲ್ ಪ್ಲೇ ಮಾಡಿ ನೋಡದೆ ಕಾರ್ಡ್ ಮುಟ್ಟಬೇಡಿ. ನಾನು ಸೈಜು ನೋಡಿಯೇ ಕೆಟ್ಟೆ.

ದುಡ್ಡು ಕಡಿಮೆ ಇದ್ದರೆ ಹೆಸರಿರುವ ಕಂಪನಿಯ ಮಾಮೂಲಿ ಹಾರ್ಡ್ ಡಿಸ್ಕ್ ಸಾಕು. ಸೆಕೆಂಡಿಗೆ ನೂರು ಎಂಬಿ ಆಸುಪಾಸು ಬರುತ್ತದೆ, ಬೀಳಿಸಬಾರದು ಅಷ್ಟೇ. ಡ್ರೈವಿನಿಂದಲೇ ಎಡಿಟ್ ಮಾಡುವವರಿಗೆ ಮಾತ್ರ ಅಸಲಿ ಎಸ್‌ಎಸ್‌ಡಿ ಬೇಕು. ಡ್ರೈವನ್ನು ಎಕ್ಸ್‌ಫ್ಯಾಟ್ ಅನ್ನೋ ಫೈಲ್ ವ್ಯವಸ್ಥೆಗೆ ಫಾರ್ಮ್ಯಾಟ್ ಮಾಡಿಕೊಳ್ಳಿ, ಫ್ಯಾಟ್32ರಲ್ಲಿ 4 ಜಿಬಿ ದಾಟಿದ ಫೈಲ್ ಕೂರಲ್ಲ.

ರಿಕವರಿ ಸಾಫ್ಟ್‌ವೇರಲ್ಲಿ ಕಾರ್ಡಿಂದ ಚೂರುಪಾರು ಸಿಕ್ಕಿತು. ಎರಡನೇ ವೇಷ ಅನ್ನೋ ಪ್ರಮುಖ ಪಾತ್ರದ ಪ್ರವೇಶ ಸಿಗಲೇ ಇಲ್ಲ. ಕೊನೆಗೆ ಆ ಊರಿಗೇ ಹೋಗಿ, ಮನೆಮನೆ ಕೇಳಿ, ಯಾರೋ ಮೊಬೈಲ್ ನೆಟ್ಟಗೆ ಹಿಡಿದು ತೆಗೆದ ಎರಡು ನಿಮಿಷ ತಂದು ಹಾಕಿದೆ. ಅದರಲ್ಲಿ ಭಾಗವತರಿಗಿಂತ ಚುರುಮುರಿಯವನ ದನಿಯೇ ಜಾಸ್ತಿ ಕೇಳುತ್ತದೆ.