ಎಸ್‌ಟಿಐ ಓಡಿಸಿಕೊಂಡು ಹೋಗುವುದಾ, ಎಂಎಕ್ಸ್-5 ಹೇರಿಕೊಂಡು ಹೋಗುವುದಾ?

ರೇಸ್ ಟ್ರ್ಯಾಕಿಗೆ ಯಾವ ಜಪಾನಿ ಗಾಡಿ ಒಳ್ಳೆಯದು ಎಂದು ಕೇಳುವವರಿಗೆ ನಾನು ಮೊದಲು ಕೇಳುವುದು ಒಂದೇ: ಸಂಜೆ ಮನೆಗೆ ಹೇಗೆ ಬರುತ್ತೀರಿ? ಟ್ರ್ಯಾಕಿನಲ್ಲಿ ಓಡಿದ ಗಾಡಿಯಲ್ಲೇ ವಾಪಸ್ ಬರಬೇಕಾದರೆ ಅದಕ್ಕೆ ಮಾಡಬಹುದಾದ ಕೆಲಸಕ್ಕೆ ಒಂದು ಮಿತಿ ಇರುತ್ತದೆ. ಟ್ರೇಲರ್ ಮೇಲೆ ಬರುವುದಾದರೆ ಮಿತಿ ಇಲ್ಲ, ಖರ್ಚಿಗೂ ಮಿತಿ ಇಲ್ಲ.

ನಾನು ಎರಡನ್ನೂ ಮಾಡಿ ನೋಡಿದ್ದೇನೆ. ಒಂದು 2004ರ ಸುಬಾರು ಡಬ್ಲ್ಯೂಆರ್‌ಎಕ್ಸ್ ಎಸ್‌ಟಿಐ. 2.5 ಲೀಟರ್ ಟರ್ಬೊ, 300 ಹಾರ್ಸ್‌ಪವರ್, ನಾಲ್ಕೂ ಚಕ್ರಕ್ಕೆ ಎಳೆತ, ತೂಕ ಹೆಚ್ಚುಕಡಿಮೆ 1,500 ಕೆಜಿ. ಇದನ್ನು ಓಡಿಸಿಕೊಂಡೇ ಹೋಗುತ್ತಿದ್ದೆ. ಹಿಂದೆ ಟೈರ್ ಹೊತ್ತ ಪುಟ್ಟ ಟ್ರೇಲರ್. ಇನ್ನೊಂದು 1999ರ ಮಾಜ್ಡಾ ಎಂಎಕ್ಸ್-5. 1.8 ಲೀಟರ್, 140 ಹಾರ್ಸ್‌ಪವರ್, ಹಿಂದಿನ ಚಕ್ರಕ್ಕೆ ಮಾತ್ರ ಎಳೆತ, 1,050 ಕೆಜಿ ಆಸುಪಾಸು. ಇದನ್ನು ಮೊದಲು ಓಡಿಸಿಕೊಂಡು, ಆಮೇಲೆ ಟೊಯೊಟಾ ಲ್ಯಾಂಡ್ ಕ್ರೂಸರ್ 100ರ ಹಿಂದೆ ಟ್ರೇಲರಿಗೆ ಹಾಕಿಕೊಂಡು ಹೋಗಿದ್ದೇನೆ.

ಬ್ರೇಕ್

ಎರಡು ಗಾಡಿಗಳ ನಡುವಿನ ನಿಜವಾದ ವ್ಯತ್ಯಾಸ ಎಂಜಿನ್ನಿನಲ್ಲಿ ಅಲ್ಲ, ಬ್ರೇಕಿನಲ್ಲಿ ಗೊತ್ತಾಗುತ್ತದೆ. ಉದ್ದನೆಯ ನೇರ ದಾರಿಯ ಕೊನೆಗೆ ಎಸ್‌ಟಿಐ 200 ಕಿ.ಮೀ. ವೇಗದಲ್ಲಿದ್ದರೆ ಎಂಎಕ್ಸ್-5 165ರಲ್ಲಿ ಇರುತ್ತದೆ ಅಂದುಕೊಳ್ಳಿ. ಬ್ರೇಕ್ ತಿನ್ನಬೇಕಾದ ಶಕ್ತಿ ತೂಕದ ಜತೆ ನೇರವಾಗಿ ಏರುತ್ತದೆ, ವೇಗದ ಜತೆ ವರ್ಗದ ಲೆಕ್ಕದಲ್ಲಿ ಏರುತ್ತದೆ. ಪೂರ್ತಿ ನಿಲ್ಲಿಸುವ ಲೆಕ್ಕ ಹಾಕಿದರೆ ಎಸ್‌ಟಿಐನ ಬ್ರೇಕಿಗೆ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಬಿಸಿ. ಕಂಪನಿ ಕೊಟ್ಟ ಬ್ರೆಂಬೊ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಚೆನ್ನಾಗಿದೆ, ಮುಂದೆ ನಾಲ್ಕು ಪಿಸ್ಟನ್, ಹಿಂದೆ ಎರಡು. ಆದರೆ ರಸ್ತೆಗೆಂದು ಮಾಡಿದ ಪ್ಯಾಡ್ ಹಾಕಿಕೊಂಡು ಹೋದರೆ ಕೆಲವೇ ಸುತ್ತಿನಲ್ಲಿ ಹಿಡಿತ ಹೋಗುತ್ತದೆ. ಎಂಎಕ್ಸ್-5ಗೆ ಸಾಧಾರಣ ಮಟ್ಟದ ಟ್ರ್ಯಾಕ್ ಪ್ಯಾಡ್ ಸಾಕು. ದೊಡ್ಡ ಕ್ಯಾಲಿಪರ್ ಕಿಟ್ ಹಾಕುವವರನ್ನು ನೋಡಿದ್ದೇನೆ. ಆ ದುಡ್ಡಿಗೆ ಟೈರ್ ತರಬಹುದಿತ್ತು ಅನ್ನಿಸುತ್ತದೆ.

ಬ್ರೇಕ್ ಆಯಿಲ್ ವಿಷಯದಲ್ಲಿ ಎರಡಕ್ಕೂ ಒಂದೇ ಮಾತು. ಡಾಟ್ 4 ಎಂದು ಬರೆದ ಆಯಿಲ್ ಹೊಸತಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂದು ನಿಯಮ. ನೀರು ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಅದು ನೀರು ಹೀರಿಯೇ ಹೀರುತ್ತದೆ, ಸುಮ್ನೆ ನಿಂತ ಗಾಡಿಯಲ್ಲೂ. ರೇಸ್ ಆಯಿಲ್‌ಗಳು 300 ಡಿಗ್ರಿ ದಾಟುತ್ತವೆ. ಮೋಟುಲ್ ಆರ್‌ಬಿಎಫ್ 600 ಹೊಸತಿದ್ದಾಗ 312 ಡಿಗ್ರಿ. ಟ್ರ್ಯಾಕಿಗೆ ಹೋಗುವ ಮೊದಲು ನಾಲ್ಕೂ ಚಕ್ರದಲ್ಲಿ ಆಯಿಲ್ ಇಳಿಸಿ ಹೊಸದು ಹಾಕುವುದು, ಇಷ್ಟೇ. ಇದಕ್ಕಿಂತ ಕಡಿಮೆ ದುಡ್ಡಿನಲ್ಲಿ ಇದಕ್ಕಿಂತ ಜಾಸ್ತಿ ಕೆಲಸ ಕೊಡುವ ಮಾರ್ಪಾಡು ನನಗೆ ಸಿಕ್ಕಿಲ್ಲ.

ಪ್ಯಾಡ್ ಬದಲಿಸುವ ಸುಲಭದಲ್ಲಿ ಮಾತ್ರ ಎಸ್‌ಟಿಐ ಗೆಲ್ಲುತ್ತದೆ. ಬ್ರೆಂಬೊದಲ್ಲಿ ಪಿನ್ ತಟ್ಟಿ ತೆಗೆದರೆ ಪ್ಯಾಡ್ ಮೇಲಿನಿಂದ ಈಚೆ ಬರುತ್ತದೆ, ಕ್ಯಾಲಿಪರ್ ಬಿಚ್ಚಬೇಕಿಲ್ಲ. ಓಡಿಸಿಕೊಂಡು ಹೋಗುವ ಗಾಡಿಗೆ ಇದು ದೊಡ್ಡ ಅನುಕೂಲ. ಟ್ರ್ಯಾಕ್ ಪ್ಯಾಡ್ ತಣ್ಣಗಿದ್ದಾಗ ಸರಿಯಾಗಿ ಹಿಡಿಯುವುದಿಲ್ಲ. ಮನೆ ದಾರಿಯಲ್ಲಿ ಮೊದಲ ಸಿಗ್ನಲ್ಲಿನಲ್ಲೇ ಅದು ಗೊತ್ತಾಗುತ್ತದೆ. ಜತೆಗೆ ಊರಿಗೆಲ್ಲ ಕೇಳುವ ಕಿರುಚಾಟ ಬೇರೆ. ಹಾಗಾಗಿ ಬೆಳಿಗ್ಗೆ ಒಂದು ಜೊತೆ, ಸಂಜೆ ಇನ್ನೊಂದು ಜೊತೆ. ಟ್ರೇಲರ್ ಮೇಲೆ ಬಂದ ಗಾಡಿಗೆ ಈ ಗೋಳಿಲ್ಲ.

ಎಂಜಿನ್

ಎಸ್‌ಟಿಐನ ಇಜೆ257 ಎಂಜಿನ್ ನನಗೆ ತುಂಬಾ ಇಷ್ಟ, ಅಷ್ಟೇ ಭಯ. ಇದು ಬಾಕ್ಸರ್ ಎಂಜಿನ್, ಸಿಲಿಂಡರುಗಳು ಎಡಕ್ಕೆ ಎರಡು, ಬಲಕ್ಕೆ ಎರಡು ಮಲಗಿವೆ. ಉದ್ದನೆಯ ತಿರುವಿನಲ್ಲಿ ಆಯಿಲ್ ಒಂದು ಬದಿಯ ಹೆಡ್ಡಿನ (ಸಿಲಿಂಡರಿನ ತುದಿಯಲ್ಲಿ ವಾಲ್ವ್ ಇರುವ ಭಾಗದ) ಕಡೆಗೆ ಸರಿಯುತ್ತದೆ. ಕೆಳಗೆ ಆಯಿಲ್ ನಿಲ್ಲುವ ತಟ್ಟೆ, ಅಂದರೆ ಸಂಪ್, ಆಳವಿಲ್ಲ. ಆಯಿಲ್ ಹೀರುವ ಪೈಪು ಗಾಳಿ ಹೀರಿದರೆ ಬೇರಿಂಗ್ ಕಥೆ ಮುಗಿಯಿತು. ಆ ಪೈಪು ಬೆಸುಗೆಯ ಜಾಗದಲ್ಲಿ ಬಿರುಕು ಬಿಡುವುದೂ ಈ ಎಂಜಿನ್ ಬಿಚ್ಚುವವರಿಗೆಲ್ಲ ಗೊತ್ತಿರುವ ಕಾಯಿಲೆ. ಇನ್ನೊಂದು ಪಿಸ್ಟನ್ನಿನದು. ಎರಕದ ಪಿಸ್ಟನ್, ರಿಂಗುಗಳ ನಡುವಿನ ಅಂಚು ತೆಳ್ಳಗೆ. ಎಂಜಿನ್ ನಾಕ್ ಆದರೆ, ಅಂದರೆ ಸಿಲಿಂಡರಿನೊಳಗೆ ಪೆಟ್ರೋಲ್ ತಾನಾಗೇ ಹೊತ್ತಿ ಸಿಡಿದರೆ, ಆ ಅಂಚು ಒಡೆಯುತ್ತದೆ. ಬಿಸಿ ಜಾಸ್ತಿ ಆದಾಗ, ಪೆಟ್ರೋಲಿನ ಆಕ್ಟೇನ್ ಕಡಿಮೆ ಇದ್ದಾಗ, ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಆಸೆಗೆ ಟ್ಯೂನ್ ಅತಿಯಾದಾಗ ನಾಕ್ ಆಗುತ್ತದೆ.

ಆದ್ದರಿಂದ ಎಸ್‌ಟಿಐಗೆ ನಾನು ಶಕ್ತಿ ಹೆಚ್ಚಿಸುವ ಒಂದೂ ಕೆಲಸ ಮಾಡಲಿಲ್ಲ. ಆಯಿಲ್ ಹೀರುವ ಗಟ್ಟಿ ಪೈಪು, ತಡೆಹಲಗೆ ಇರುವ ಸಂಪ್, ಆಯಿಲ್ ಕೂಲರ್, ಬ್ರೀದರಿನಿಂದ ಬರುವ ಆಯಿಲ್ ಆವಿಯನ್ನು ಬೇರ್ಪಡಿಸುವ ಡಬ್ಬಿ, ಒತ್ತಡ ಮತ್ತು ಬಿಸಿ ತೋರಿಸುವ ಮೀಟರ್. ಇಷ್ಟಕ್ಕೇ ಜೇಬು ಖಾಲಿ. ಪ್ರತಿ ಸೆಷನ್ ಆದ ಮೇಲೆ ಡಿಪ್‌ಸ್ಟಿಕ್ ನೋಡಲೇಬೇಕು, ಆಯಿಲ್ ಮೇಲಿನ ಗೆರೆಯಲ್ಲೇ ಇರಬೇಕು. ಟೈಮಿಂಗ್ ಬೆಲ್ಟ್ ತುಂಡಾದರೆ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯುತ್ತದೆ, ಆದ್ದರಿಂದ ಅವಧಿ ದಾಟಿಸುವ ಮಾತೇ ಇಲ್ಲ.

ಎಂಎಕ್ಸ್-5ದು ಬೇರೆ ಲೋಕ. ಟೈಮಿಂಗ್ ಬೆಲ್ಟ್ ಬದಲಿಸುವ ಅವಧಿ ಸುಮಾರು 1 ಲಕ್ಷ ಕಿ.ಮೀ. ಅಕಸ್ಮಾತ್ ತುಂಡಾದರೂ ಈ ಎಂಜಿನ್ನಿನಲ್ಲಿ ವಾಲ್ವ್ ಪಿಸ್ಟನ್ನಿಗೆ ತಾಗುವುದಿಲ್ಲ. ಹೊಸ ಬೆಲ್ಟ್ ಹಾಕಿ ಮತ್ತೆ ಹೊರಡಬಹುದು. ಇದಕ್ಕೂ ಒಂದು ಹುಟ್ಟುದೋಷ ಇದೆ. ಈ ಎಂಜಿನ್ ಕುಟುಂಬ ಮೊದಲು ಮಾಜ್ಡಾ 323ರಂಥ ಮುಂದಿನ ಚಕ್ರದ ಗಾಡಿಗಳಲ್ಲಿ ಅಡ್ಡಲಾಗಿ ಕೂತಿತ್ತು. ಎಂಎಕ್ಸ್-5ಗಾಗಿ ಉದ್ದಕ್ಕೆ ತಿರುಗಿಸಿದಾಗ ಎಂಜಿನ್ ತಣಿಸುವ ನೀರು (ಕೂಲಂಟ್) ಹೋಗುವ ದಾರಿಯೂ ಬರುವ ದಾರಿಯೂ ಎಂಜಿನ್ನಿನ ಮುಂಭಾಗದಲ್ಲೇ ಆಯಿತು. ಹಿಂದಿನ ಸಿಲಿಂಡರುಗಳಿಗೆ ನೀರು ಸರಿಯಾಗಿ ಹರಿಯುವುದಿಲ್ಲ. ರಸ್ತೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಟ್ರ್ಯಾಕಿನಲ್ಲಿ ಗೊತ್ತಾಗುತ್ತದೆ. ಹೆಡ್ಡಿನ ಹಿಂಭಾಗದಿಂದ ನೀರು ಹೊರಗೆ ಬರುವ ಹಾಗೆ ದಾರಿ ಬದಲಿಸಿ, ದಪ್ಪನೆಯ ಅಲ್ಯುಮಿನಿಯಂ ರೇಡಿಯೇಟರ್ ಹಾಕಿದ ಮೇಲೆ ಬಿಸಿಯ ಮುಳ್ಳು ಅಲ್ಲಾಡಲಿಲ್ಲ. ಅದು ಬಿಟ್ಟರೆ ಮುಂದಿನ ಹಬ್ (ಚಕ್ರ ಕೂರುವ ನಡುಭಾಗ) ಬೇರಿಂಗ್. ಅಂಟು ಟೈರ್ ಹಾಕಿ ಓಡಿಸಿದರೆ ಸವೆಯುತ್ತದೆ. ಬಿಚ್ಚಿ ಗ್ರೀಸ್ ತುಂಬುವ ಹಾಗಿಲ್ಲ, ಹಬ್ ಪೂರ್ತಿ ಬದಲಿಸಬೇಕು. ಚಕ್ರ ಹಿಡಿದು ಅಲ್ಲಾಡಿಸಿ ನೋಡುವ ಅಭ್ಯಾಸ ಇರಲಿ.

ಟೈರ್, ಕ್ಯಾಂಬರ್

ಎಂಎಕ್ಸ್-5ಗೆ ಟೈರಿನ ಅಳತೆ 205/50 ಆರ್15 (205 ಮಿ.ಮೀ. ಅಗಲ, 15 ಇಂಚಿನ ವೀಲು). ಎಸ್‌ಟಿಐಗೆ 245/40 ಆರ್17. ಖರ್ಚು ಎಲ್ಲಿ ಜಾಸ್ತಿ ಎಂದು ಹೇಳಬೇಕಿಲ್ಲ ಅಲ್ವಾ. ಎಸ್‌ಟಿಐನ ಮುಂಭಾಗ ಭಾರ, ಮುಂದಿನ ಟೈರಿನ ಹೊರ ಅಂಚು ಬೇಗ ತಿನ್ನುತ್ತದೆ. ಹಾಗೆಂದು ಎರಡೇ ಹೊಸ ಟೈರ್ ಹಾಕುವಂತಿಲ್ಲ. ನಾಲ್ಕೂ ಟೈರಿನ ಸುತ್ತಳತೆ 6 ಮಿ.ಮೀ. ಆಸುಪಾಸಿನೊಳಗೆ ಹೊಂದಬೇಕು. ಇಲ್ಲದಿದ್ದರೆ ಮುಂದಿನ, ಹಿಂದಿನ ಚಕ್ರಗಳಿಗೆ ಎಳೆತ ಹಂಚುವ ನಡುವಿನ ಡಿಫರೆನ್ಷಿಯಲ್ ಸುಮ್ಮನೆ ದುಡಿದು ಬಿಸಿಯಾಗುತ್ತದೆ. ಹಿಂದೆ ಮುಂದೆ ಬದಲಿಸುತ್ತಾ ನಾಲ್ಕನ್ನೂ ಒಟ್ಟಿಗೆ ಸವೆಸುವುದೊಂದೇ ದಾರಿ. ವೀಲ್ ಕೊಳ್ಳುವವರು ಇನ್ನೊಂದು ನೋಡಿಕೊಳ್ಳಿ: 2004ರ ಎಸ್‌ಟಿಐನಲ್ಲಿ ಬೋಲ್ಟ್ ಅಳತೆ 5x100 (ಐದು ಬೋಲ್ಟು, 100 ಮಿ.ಮೀ. ವ್ಯಾಸದ ವೃತ್ತದಲ್ಲಿ), 2005ರಿಂದ 5x114.3. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ.

ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲುವ ಕೋನ) ಹೊಂದಿಸಲು ಎಂಎಕ್ಸ್-5ನಲ್ಲಿ ಕಂಪನಿಯ ಬೋಲ್ಟೇ ಇದೆ, ತಿರುಗಿಸಿದರೆ ಆಯಿತು. ಎಸ್‌ಟಿಐನ ಮುಂದಿನ ಸ್ಟ್ರಟ್ಟಿಗೆ ಮೇಲೆ ಕ್ಯಾಂಬರ್ ಪ್ಲೇಟ್ ಹಾಕದೆ ಟ್ರ್ಯಾಕಿಗೆ ಬೇಕಾದಷ್ಟು ಸಿಗುವುದಿಲ್ಲ. ಹಾಕಿದ ಮೇಲೆ ರಸ್ತೆಯ ಪ್ರತಿ ಹಳ್ಳವೂ ಕಿವಿಗೆ ಕೇಳುತ್ತದೆ.

ಪುಟ್ಟ ಟ್ರೇಲರ್

ಎಸ್‌ಟಿಐ ಹಿಂದೆ ಟೈರ್ ಟ್ರೇಲರ್ ಕಟ್ಟುವುದು ನೋಡಲು ತಮಾಷೆ, ಉಪಯೋಗ ಮಾತ್ರ ಬಹಳ. ನಾಲ್ಕು ವೀಲು, ಜಾಕ್, ಸಾಮಾನು, ಪೆಟ್ರೋಲ್ ಕ್ಯಾನು ಎಲ್ಲ ಸೇರಿ ಟ್ರೇಲರ್ ಸಮೇತ 200 ಕೆಜಿ ಚಿಲ್ಲರೆ. ಗಾಡಿಗೆ ಇದು ಭಾರವೇ ಅಲ್ಲ. ಆದರೆ ಕೈಪಿಡಿ ಓದಿ. ಒಂದೇ ಗಾಡಿಗೆ ಒಂದು ದೇಶದ ಕೈಪಿಡಿ ಇಷ್ಟು ಕೆಜಿ ಎಳೆಯಬಹುದು ಅನ್ನುತ್ತದೆ, ಇನ್ನೊಂದು ದೇಶದ್ದು ಏನನ್ನೂ ಎಳೆಯಬೇಡಿ ಅನ್ನುತ್ತದೆ. ಏರಿನಲ್ಲಿ ಆರನೇ ಗೇರಿನಲ್ಲಿ ಕಡಿಮೆ ಆರ್‌ಪಿಎಂನಿಂದ ಎಳೆಸಬೇಡಿ. ಟರ್ಬೊ ಎಂಜಿನ್ನಿಗೆ ನಾಕ್ ಆಗಲು ಇದಕ್ಕಿಂತ ಒಳ್ಳೆಯ ಅವಕಾಶ ಬೇಡ. ನಾಲ್ಕನೇ ಗೇರಿಗೆ ಇಳಿಸಿ, ಎಂಜಿನ್ ಹಗುರಾಗಿ ತಿರುಗಲಿ.

ಇದೇ ಟ್ರೇಲರನ್ನು ಎಂಎಕ್ಸ್-5 ಹಿಂದೆಯೂ ಕಟ್ಟಿದ್ದೇನೆ. ಅದರ ಡಿಕ್ಕಿಯಲ್ಲಿ ನಾಲ್ಕು ವೀಲ್ ಹಿಡಿಯುವ ಪ್ರಶ್ನೆಯೇ ಇಲ್ಲ, ಹಾಗಾಗಿ ನಿಜವಾಗಿ ಇದರ ಅಗತ್ಯ ಇದ್ದದ್ದು ಅದಕ್ಕೇ. ಪುಟ್ಟ ಟ್ರೇಲರಿನ ಚಕ್ರವೂ ಪುಟ್ಟದು, ಅದೇ ವೇಗಕ್ಕೆ ಜಾಸ್ತಿ ಸುತ್ತು ತಿರುಗುತ್ತದೆ, ಬೇರಿಂಗ್ ಬಿಸಿಯಾಗುತ್ತದೆ. ನಿಲ್ಲಿಸಿದಾಗಲೆಲ್ಲ ಹಬ್ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಗ್ರೀಸ್ ಮುಗಿದಿದೆ ಅಥವಾ ನಟ್ ಬಿಗಿಯಾಗಿದೆ.

ದೊಡ್ಡ ಟ್ರೇಲರ್

ಎಂಎಕ್ಸ್-5, ಕಬ್ಬಿಣದ ತೆರೆದ ಟ್ರೇಲರ್, ಟೈರು, ಸಾಮಾನು ಸೇರಿ 1,900 ಕೆಜಿ ದಾಟಿತು. ಲ್ಯಾಂಡ್ ಕ್ರೂಸರ್ 100ರ 4.7 ಲೀಟರ್ ವಿ8ಗೆ ಅಮೆರಿಕದ ಲೆಕ್ಕದಲ್ಲಿ 6,500 ಪೌಂಡ್, ಅಂದರೆ ಸುಮಾರು 2,950 ಕೆಜಿ ಎಳೆಯುವ ಅನುಮತಿ ಇದೆ. ಇದೇ ಟ್ರೇಲರಿಗೆ ಎಸ್‌ಟಿಐ ಹಾಕಿದರೆ 2,400ರ ಹತ್ತಿರ. ಮಿತಿಯೊಳಗೇ ಇದೆ, ಆದರೆ ಇಳಿಜಾರಿನಲ್ಲಿ ಹಿಂದಿನಿಂದ ಯಾರೋ ನೂಕಿದಂತೆ ಆಗುತ್ತದೆ.

ಟ್ರೇಲರ್ ಕೆಲಸದಲ್ಲಿ ಮುಖ್ಯವಾದದ್ದು ಮೂತಿಯ ಮೇಲಿನ ಭಾರ, ಅಂದರೆ ಟ್ರೇಲರಿನ ಮೂತಿ ಎಳೆಯುವ ಗಾಡಿಯ ಕೊಕ್ಕೆಯ ಮೇಲೆ ಹಾಕುವ ಭಾರ. ಅಮೆರಿಕದವರು ಒಟ್ಟು ತೂಕದ ಶೇ. 10ರಿಂದ 15 ಅನ್ನುತ್ತಾರೆ, ಯುರೋಪಿನವರು ಅದಕ್ಕಿಂತ ಕಡಿಮೆ ಇಡುತ್ತಾರೆ. ಭಾರ ಹಿಂದಕ್ಕೆ ಬಿದ್ದರೆ ಟ್ರೇಲರ್ ಬಾಲ ಆಡಿಸಲು ಶುರು ಮಾಡುತ್ತದೆ. ಗಾಡಿಯನ್ನು ಟ್ರೇಲರಿನ ಮೇಲೆ ಒಂದು ಗೇಣು ಮುಂದೆ ಸರಿಸಿದರೂ ಓಟವೇ ಬದಲಾಗುತ್ತದೆ. ಸರಿಯಾದ ಜಾಗ ಸಿಕ್ಕಿದ ಮೇಲೆ ಅಲ್ಲೇ ಬಣ್ಣದ ಗುರುತು ಹಾಕಿಬಿಡಿ. ಅಕಸ್ಮಾತ್ ತೂಗಾಟ ಶುರುವಾದರೆ ಎಳೆಯುವ ಗಾಡಿಯ ಬ್ರೇಕ್ ಒತ್ತಬೇಡಿ. ಆಕ್ಸಿಲರೇಟರ್ ಬಿಡಿ, ಸ್ಟೀರಿಂಗ್ ನೇರ ಹಿಡಿಯಿರಿ, ಟ್ರೇಲರಿಗೆ ಎಲೆಕ್ಟ್ರಿಕ್ ಬ್ರೇಕ್ ಇದ್ದರೆ ಅದನ್ನು ಮಾತ್ರ ಕೈಯಿಂದ ಹಾಕಿ.

ಕಟ್ಟುವುದರಲ್ಲೂ ಎರಡು ಬಗೆ ಮಾಡಿ ನೋಡಿದೆ. ಗಾಡಿಯ ಬಾಡಿಗೆ ಕೊಕ್ಕೆ ಹಾಕಿ ಎಳೆದು ಬಿಗಿದರೆ ಸಸ್ಪೆನ್ಷನ್ ಕುಗ್ಗಿ ಕೂರುತ್ತದೆ, ಹಳ್ಳದಲ್ಲಿ ಇನ್ನಷ್ಟು ಕುಗ್ಗಿದಾಗ ಬೆಲ್ಟ್ ಸಡಿಲವಾಗುತ್ತದೆ. ಟೈರಿನ ಮೇಲೆಯೇ ಬೆಲ್ಟ್ ಹಾಕಿದರೆ ಚಕ್ರ ಕದಲುವುದಿಲ್ಲ, ಬಾಡಿ ತನ್ನ ಪಾಡಿಗೆ ಆಡಿಕೊಂಡಿರುತ್ತದೆ. ನನ್ನ ಆಯ್ಕೆ ಎರಡನೆಯದು. ಯಾವುದಾದರೂ ಸರಿ, ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಿ ಬೆಲ್ಟು, ಟ್ರೇಲರಿನ ವೀಲ್ ನಟ್ಟು ಎರಡನ್ನೂ ಮತ್ತೆ ಬಿಗಿ ಮಾಡಿ. ಗಾಡಿ ಹತ್ತಿಸಿದ ಮೇಲೆ ಬಾಗಿಲು ಟ್ರೇಲರಿನ ಮಡ್‌ಗಾರ್ಡಿಗೆ ತಾಗಿ ತೆರೆಯುವುದೇ ಇಲ್ಲ. ಎಂಎಕ್ಸ್-5ನ ಟಾಪ್ ಬಿಚ್ಚಿ ಮೇಲಿನಿಂದ ಇಳಿದುಬಿಡಬಹುದು. ಎಸ್‌ಟಿಐನವರು ಕಿಟಕಿಯಿಂದ ನುಸುಳಬೇಕು.

ಟ್ರೇಲರ್ ಬಂದ ಮೇಲೆ ಎಂಎಕ್ಸ್-5ಗೆ ಏನೇನಾಯಿತು ನೋಡಿ. ಸೀಟು ಗಟ್ಟಿಯಾಯಿತು, ಸ್ಪ್ರಿಂಗ್ ಇನ್ನೂ ಗಟ್ಟಿಯಾಯಿತು, ಹೀಟರ್ ಹೋಯಿತು, ಸೈಲೆನ್ಸರ್ ನೆಪಕ್ಕೆ ಉಳಿಯಿತು. ಸುತ್ತಿನ ಸಮಯ ಇಳಿಯಿತು ನಿಜ. ಆದರೆ ಈಗ ನೋಡಿಕೊಳ್ಳಲು ಒಂದಲ್ಲ, ಮೂರು: ಗಾಡಿ, ಟ್ರೇಲರ್, ಲ್ಯಾಂಡ್ ಕ್ರೂಸರ್. ಲ್ಯಾಂಡ್ ಕ್ರೂಸರಿನ ಗೇರ್ ಆಯಿಲ್, ಬ್ರೇಕು, ಅದರದ್ದೇ ಟೈಮಿಂಗ್ ಬೆಲ್ಟು. ಟ್ರೇಲರಿನ ಟೈರ್ ಸವೆಯುವ ಮೊದಲೇ ವಯಸ್ಸಾಗಿ ಬಿರುಕು ಬಿಡುತ್ತದೆ. ಹೊಸಬರಿಗೆ ಇದನ್ನು ನಾನು ಹೇಳುವುದಿಲ್ಲ. ರೋಲ್ ಬಾರ್ (ಗಾಡಿ ಮಗುಚಿದರೆ ತಲೆ ಕಾಯುವ ಕಮಾನು) ಹಾಕಿದ ಎಂಎಕ್ಸ್-5, ಹಿಂದೆ ಟೈರ್ ಟ್ರೇಲರ್, ಸಂಜೆ ಪ್ಯಾಡ್ ಬದಲಿಸಿ ಮನೆಗೆ: ನನ್ನ ವೋಟು ಇದಕ್ಕೆ. ರೋಲ್ ಬಾರ್ ಮಾತ್ರ ಹೆಲ್ಮೆಟ್ಟಿಗಿಂತ ಎತ್ತರ ಇದೆಯೇ ಎಂದು ಕೂತು ನೋಡಿಕೊಳ್ಳಿ.

ಮಳೆ

ಮಳೆ ಬಂದ ದಿನ ಈ ಲೆಕ್ಕವೆಲ್ಲ ತಿರುಗಾಮುರುಗಾ. ಎಂಎಕ್ಸ್-5ನಲ್ಲಿ ತಿರುವಿನಿಂದ ಹೊರಬರುವಾಗ ಕಾಲು ಉಸಿರು ಹಿಡಿದಿರುತ್ತದೆ. ಎಸ್‌ಟಿಐನಲ್ಲಿ ನಡುವಿನ ಡಿಫರೆನ್ಷಿಯಲ್ಲಿನ ಬೀಗದ ಬಿಗಿತವನ್ನು ಗೇರ್ ಪಕ್ಕದ ಚಕ್ರ ತಿರುಗಿಸಿ ಹೊಂದಿಸಬಹುದು. ಸಡಿಲ ಮಾಡಿದರೆ ಮೂತಿ ಒಳಗೆ ತಿರುಗುತ್ತದೆ, ಬಿಗಿ ಮಾಡಿದರೆ ಗಾಡಿ ನೇರಕ್ಕೆ ಎಳೆಯುತ್ತದೆ. ಒದ್ದೆಯಲ್ಲಿ ಬ್ರೇಕಿಗೂ ಬಿಸಿ ಕಡಿಮೆ, ಆಯಿಲ್ ಸರಿದಾಡುವುದೂ ಕಡಿಮೆ, ಟೈರೂ ಉಳಿಯುತ್ತದೆ. ಎಸ್‌ಟಿಐನ ಎಲ್ಲ ದುಬಾರಿ ಕಾಯಿಲೆಗಳೂ ಅಂದು ರಜೆ ಹಾಕುತ್ತವೆ. ಹಾಗಾಗಿ ಮಳೆಯ ಮುನ್ಸೂಚನೆ ಇದ್ದರೆ ಲ್ಯಾಂಡ್ ಕ್ರೂಸರ್ ಮನೆಯಲ್ಲೇ ನಿಲ್ಲುತ್ತದೆ, ನಾನು ಸುಬಾರು ಕೀ ತೆಗೆದುಕೊಳ್ಳುತ್ತೇನೆ.